ವಿಡಿಯೊ ಕಾಲ್‌ನಲ್ಲಿ ಮನಸ್ಸಿನ ಸಂದರ್ಶನ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಖಿನ್ನತೆಯ ಅಧ್ಯಯನಕ್ಕಾಗಿ ಶಹಾಪುರ, ಸುರಪುರ ಕಡೆಯ ಹೆಣ್ಣುಮಕ್ಕಳಿಗೆ ವಿಡಿಯೊ ಕಾಲ್ ಮಾಡಿ ಪಿಎಚ್‌ಕ್ಯೂ-9 (ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ) ಕೇಳುತ್ತೇವೆ. ಎಲ್ಲರೂ ‘ಏನಿಲ್ರಿ, ಆರಾಮ ಇದ್ದೀನಿ’ ಅನ್ನುತ್ತಾರೆ!
– ಸಂಶೋಧನಾ ಸಹಾಯಕಿ, ಯಾದಗಿರಿ

ಉತ್ತರ: ಫೋನ್ ಯಾರದು, ಸ್ಪೀಕರ್ ಆನ್ ಇದೆಯೇ ಎಂದು ಮೊದಲು ನೋಡಿ. ಫೋನ್ ಗಂಡನದಾಗಿದ್ದು, ಪಕ್ಕದಲ್ಲಿ ಅತ್ತೆ ಕುಳಿತಿದ್ದರೆ ಇನ್ಯಾವ ಉತ್ತರ ಬಂದೀತು? ಮೊದಲೇ ಒಂದು ಇಯರ್‌ಫೋನ್, ದಪ್ಪ ಅಕ್ಷರದ ಒಂದು ಕಾರ್ಡ್ ತಲುಪಿಸಿ. ಕಾರ್ಡಿನಲ್ಲಿ ನಾಲ್ಕೇ ಸಾಲು: 0 ಇಲ್ಲವೇ ಇಲ್ಲ, 1 ಕೆಲವು ದಿನ, 2 ಅರ್ಧಕ್ಕಿಂತ ಹೆಚ್ಚು ದಿನ, 3 ಹೆಚ್ಚುಕಡಿಮೆ ದಿನಾಲೂ. ಕಳೆದ ಎರಡು ವಾರದ ಬಗ್ಗೆ ನೀವು ಕೇಳಿದ್ದು ಆಕೆಗೆ ಮಾತ್ರ ಕೇಳುತ್ತದೆ. ಮನೆಯವರ ಕಿವಿಗೆ ಬೀಳುವುದು ‘ಎರಡು’, ‘ಸೊನ್ನೆ’ ಅಷ್ಟೇ. ಓದು ಬಾರದವರಿಗೆ ಅಂಕಿಯ ಬದಲು ಚುಕ್ಕೆ ಹಾಕಿ. ಸ್ಕ್ರೀನ್ ಶೇರ್ ನೆಚ್ಚಬೇಡಿ, ಸಣ್ಣ ಮೊಬೈಲಿನಲ್ಲಿ ಅಕ್ಷರ ಇರುವೆ ಸಾಲಿನಂತೆ ಕಾಣುತ್ತವೆ.

‘ಒಲಿ ಮ್ಯಾಲ ಹಾಲು ಇಟ್ಟೀನ್ರಿ’ ಎಂದರೆ ಯಾರೋ ಬಂದರು, ಕಾಲ್ ಮುಗಿಸಿ ಎಂದು ಮೊದಲೇ ಮಾತಾಡಿಕೊಂಡಿರಿ. ತೊಗರಿ ರಾಶಿಯ ದಿನಗಳಲ್ಲಂತೂ ಸಂದರ್ಶನ ಇಟ್ಟುಕೊಳ್ಳಲೇಬೇಡಿ.

ಪ್ರಶ್ನೆ: ಔರಾದ್ ಕಡೆ ನೆಟ್ ನಿಲ್ಲುವುದಿಲ್ಲ. ಹ್ಯಾಮಿಲ್ಟನ್ ಮಾಪನವನ್ನು (ಸಂದರ್ಶಕರೇ ಅಂಕ ಕೊಟ್ಟು ಖಿನ್ನತೆಯ ತೀವ್ರತೆ ಅಳೆಯುವ ಪಟ್ಟಿ) ಅರ್ಧದಿಂದ ಆಡಿಯೊ ಕಾಲ್‌ನಲ್ಲಿ ಮುಗಿಸಬಹುದೇ?
– ಪಿಎಚ್‌ಡಿ ವಿದ್ಯಾರ್ಥಿ, ಬೀದರ್

ಉತ್ತರ: ಪೂರ್ತಿ ಆಗದು. ಅದರ 17 ಅಂಶಗಳಲ್ಲಿ ಮಾತು-ಚಲನೆ ನಿಧಾನವಾಗುವುದು, ಚಡಪಡಿಕೆ ಇವನ್ನು ಕಣ್ಣಿಂದ ನೋಡಿಯೇ ಅಂಕ ಕೊಡಬೇಕು. ಲೈನ್ ಹೋದರೆ ಅವಕ್ಕೆ 0 ಹಾಕಬೇಡಿ, ‘ನೋಡಲಾಗಲಿಲ್ಲ’ ಎಂದೇ ಬರೆಯಿರಿ. ಸೊನ್ನೆ ಎಂದರೆ ಲಕ್ಷಣ ಇಲ್ಲ ಎಂದರ್ಥ.

ಹೆಚ್ಚು ಮೋಸ ಹೋಗುವುದು ಲೈನ್ ಇದ್ದಾಗಲೇ. ದನಿ ತಡವಾಗಿ ಬಂದು ಮುಖ ಫ್ರೀಜ್ ಆದರೆ ಆರೋಗ್ಯವಂತನೂ ಮಂಕಾಗಿ ಕಾಣುತ್ತಾನೆ. ಶುರುವಿನಲ್ಲೇ ನೀವು ‘ಒಂದು’, ಅವರು ‘ಎರಡು’, ಹೀಗೆ ಹತ್ತರವರೆಗೆ ಎಣಿಸಿ. ಅಲ್ಲೇ ಎಳೆದಾಟವಿದ್ದರೆ ಲೈನಿನ ದೋಷವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಫೋನನ್ನು ಕೈಯಲ್ಲಿ ಹಿಡಿಸದೆ ಡಬ್ಬಿಗೆ ಆನಿಸಿ ಸ್ವಲ್ಪ ದೂರ ಇಡಿಸಿ. ಬೆರಳು ಹಿಸುಕಿಕೊಳ್ಳುವುದು ಆಗ ಮಾತ್ರ ಕಾಣುತ್ತದೆ. ಬೆಳಕು ಎದುರಿಂದ ಬೀಳಲಿ. ಇನ್ನೊಂದು: ಮೊದಲ ಭೇಟಿ ಎದುರಾಎದುರು, ಮುಂದಿನದು ವಿಡಿಯೊ ಎಂದಾದರೆ, ಅಂಕ ಬದಲಾದದ್ದು ಕಾಯಿಲೆಯಿಂದಲೋ ವಿಧಾನದಿಂದಲೋ ಬಿಡಿಸಲಾಗದು.

ಪ್ರಶ್ನೆ: ಪುಣೆಗೆ ದುಡಿಯಲು ಹೋದ ನಮ್ಮೂರಿನವರೊಬ್ಬರು ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆಗೆ ‘ಮೂರು’ ಎಂದರು, ಆಮೇಲೆ ಕಾಲ್ ಕಟ್ಟಾಯಿತು. ಏನು ಮಾಡಬೇಕು?
– ಕಲಬುರಗಿ

ಉತ್ತರ: ಒಂಬತ್ತನೆಯದು ಸಾಯುವ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಪ್ರಶ್ನೆ. ತಕ್ಷಣ ಮತ್ತೆ ಕರೆ ಮಾಡಿ. ಸಿಕ್ಕರೆ ಉಳಿದ ಪ್ರಶ್ನೆ ಬಿಟ್ಟು, ಈಗ ಆ ಯೋಚನೆ ಇದೆಯೇ, ದಾರಿ ಯೋಚಿಸಿದ್ದಾರೆಯೇ, ಜೊತೆಗೆ ಯಾರಿದ್ದಾರೆ ಎಂದು ನೇರವಾಗಿ ಕೇಳಿ. ಕೇಳಿದರೆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ಒಬ್ಬರು ಲೈನಿನಲ್ಲೇ ಇರಲಿ, ಇನ್ನೊಬ್ಬರು ತಂಡದ ಮನೋವೈದ್ಯರನ್ನು ಕರೆಯಲಿ. ಸಿಗದಿದ್ದರೆ ಒಪ್ಪಿಗೆ ಪತ್ರದಲ್ಲಿ ಬರೆಸಿಕೊಂಡ ಆಪ್ತರಿಗೆ ಫೋನ್ ಮಾಡಿ. ಕಲಬುರಗಿಯಿಂದ ತುರ್ತು ಸಂಖ್ಯೆ 112 ಒತ್ತಿದರೆ ಕರೆ ಹೋಗುವುದು ಕರ್ನಾಟಕದ ಕೇಂದ್ರಕ್ಕೆ, ಅವರಿರುವ ಪುಣೆಗಲ್ಲ. ಅದಕ್ಕೇ ಪ್ರತಿ ಸಲವೂ ‘ಈಗ ಎಲ್ಲಿದ್ದೀರ್ರಿ?’ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಬಡಾವಣೆ, ಹತ್ತಿರದ ಠಾಣೆ, ಆಸ್ಪತ್ರೆಯ ನಂಬರ್ ನಿಮ್ಮೆದುರು ಇರಬೇಕು. ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ. ಆ ನಂಬರನ್ನು ಉತ್ತರದ ಕಾರ್ಡಿನ ಹಿಂಬದಿಯಲ್ಲೇ ಅಚ್ಚು ಹಾಕಿಸಿ.