ಮೂರನೇ ಮಹಡಿಯ ಬಾಲ್ಕನಿಗೆ 12 ಎಂಎಂ ಟಫನ್ಡ್ ಗಾಜು ಸಾಕೇ?

ಬಾಲ್ಕನಿ ರೇಲಿಂಗ್‌ಗೆ 12 ಎಂಎಂ ಟಫನ್ಡ್ ಸಾಕು, ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಪದರವಿಟ್ಟು ಅಂಟಿಸಿದ ಗಾಜಿನ ಹಾಳೆಗಳು) ಹಾಕಿದರೆ ದುಡ್ಡು ದಂಡ ಎಂದು ಅಂಗಡಿಯವರು ಹೇಳಿದ್ದು ಸರಿಯೇ ಎಂದು ಕೇಳಿದ್ದೀರಿ. ಮೂರನೇ ಮಹಡಿಗೆ ಖಂಡಿತ ಸರಿಯಲ್ಲ. ಆರ್ಡರ್ ಕೊಟ್ಟಿರದಿದ್ದರೆ ದಯವಿಟ್ಟು ತಡೆಯಿರಿ.

ಟಫನ್ಡ್ ಗಾಜನ್ನು 620 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಎರಡೂ ಬದಿಗೆ ಗಾಳಿ ಊದಿ ಥಟ್ಟನೆ ತಣಿಸುತ್ತಾರೆ. ಹೊರಮೈ ಬಿಗಿದುಕೊಂಡು ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿಯಾಗುತ್ತದೆ. ಆದರೆ ಒಡೆದರೆ ಇಡೀ ಹಾಳೆ ಕಲ್ಲುಸಕ್ಕರೆ ಹರಳಿನಂತೆ ಉದುರುತ್ತದೆ. ಚೂರುಗಳು ಅಷ್ಟಾಗಿ ಕೊಯ್ಯುವುದಿಲ್ಲ, ನಿಜ. ಒರಗಿ ನಿಂತವರಿಗೆ ಮಾತ್ರ ಮುಂದೆ ತಡೆಯೇ ಇರುವುದಿಲ್ಲ. ಅಂಚಿಗೆ ಸಣ್ಣ ಪೆಟ್ಟು ಬಿದ್ದರೂ ಸಾಕು. ಯಾರೂ ಮುಟ್ಟದೆಯೂ ಒಡೆಯಬಹುದು: ಒಳಗೆ ಸಿಕ್ಕಿದ ನಿಕ್ಕಲ್ ಸಲ್ಫೈಡ್ ಕಣ ಎಷ್ಟೋ ವರ್ಷಗಳ ಮೇಲೆ ಹಿಗ್ಗಿ ಗಾಜನ್ನು ಸೀಳುತ್ತದೆ. ಹೀಟ್ ಸೋಕ್ ಟೆಸ್ಟ್ (ಇಂಥ ಕಣವಿರುವ ಗಾಜು ಕಾರ್ಖಾನೆಯಲ್ಲೇ ಒಡೆಯಲೆಂದು ಮತ್ತೆ ಕಾಯಿಸಿ ನೋಡುವುದು) ಮಾಡಿಸಿದರೆ ಈ ಅಪಾಯ ಬಹಳ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ನಾನು ಸೂಚಿಸುವುದು 6 ಎಂಎಂನ ಎರಡು ಟಫನ್ಡ್ ಹಾಳೆ, ನಡುವೆ 1.52 ಎಂಎಂ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ. ಒಂದು ಒಡೆದರೂ ಇನ್ನೊಂದು ನಿಂತಿರುತ್ತದೆ, ಚೂರುಗಳು ಪದರಕ್ಕೆ ಅಂಟಿಕೊಂಡಿರುತ್ತವೆ. ಎರಡೂ ಒಡೆದರೆ ಪಿವಿಬಿ ಒದ್ದೆ ಕಂಬಳಿಯಂತೆ ಜೋಲುತ್ತದೆ. ಆದ್ದರಿಂದ ಗಾಜನ್ನು ಬುಡದಲ್ಲಷ್ಟೇ ಹಿಡಿಸುವುದಾದರೆ ಮೇಲೆ ಹ್ಯಾಂಡ್‌ರೇಲ್ ಇರಲೇಬೇಕು. ಅದು ಬೇಡವೆಂದರೆ ಪಿವಿಬಿಗಿಂತ ಬಹಳ ಬಿಗಿಯಾದ ಪ್ಲಾಸ್ಟಿಕ್ ಆದ ಎಸ್‌ಜಿಪಿ ಪದರ ಹಾಕಿಸಿ, ದಪ್ಪವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಲಿ. ಬುಡದ ಹಿಡಿತಕ್ಕೆ 6+6 ಸಾಲದೆ ಹೋಗಬಹುದು.

ಬಾತ್‌ರೂಮ್ ಪಾರ್ಟಿಷನ್‌ಗೆ 8 ಅಥವಾ 10 ಎಂಎಂ ಟಫನ್ಡ್ ಸಾಕು. ತಲೆಯ ಮೇಲಿನ ಸ್ಕೈಲೈಟ್‌ಗೆ ಬರೀ ಟಫನ್ಡ್ ಬೇಡವೇ ಬೇಡ. ಹೀಟ್ ಸ್ಟ್ರೆಂಥನ್ಡ್ (ಕಾಯಿಸಿ, ಟಫನ್ಡ್‌ಗಿಂತ ನಿಧಾನವಾಗಿ ತಣಿಸಿದ) ಹಾಳೆಗಳ ಲ್ಯಾಮಿನೇಟೆಡ್ ಒಳ್ಳೆಯದು. ಅದು ದೊಡ್ಡ ತುಂಡುಗಳಾಗಿ ಬಿರಿಯುವುದರಿಂದ ಪದರದಲ್ಲೇ ನಿಲ್ಲುತ್ತದೆ.

ಟಫನ್ ಆದ ಮೇಲೆ ಕತ್ತರಿಸಲು, ತೂತು ಕೊರೆಯಲು ಆಗದು. ಹಾಗಾಗಿ ಗ್ರಾನೈಟ್, ಟೈಲ್ಸ್ ಕೂತ ಮೇಲೆಯೇ ಅಳತೆ ಕೊಡಿ. ಗಾಜು ಎಲ್ಲೂ ನೇರವಾಗಿ ಸ್ಟೀಲಿಗೆ ತಾಗಬಾರದು. ಬೋಲ್ಟ್‌ಗೆ ನೈಲಾನ್ ಬುಷ್, ಗಾಜಿನ ಬುಡ ಕೂರುವ ಚಾನೆಲ್‌ಗೆ ರಬ್ಬರ್ ಗ್ಯಾಸ್ಕೆಟ್ ಇರಲಿ. ವಿನೆಗರ್ ವಾಸನೆಯ ಸಿಲಿಕೋನ್ ಪಿವಿಬಿಯನ್ನು ಹಾಳುಮಾಡುತ್ತದೆ, ನ್ಯೂಟ್ರಲ್ ಸಿಲಿಕೋನನ್ನೇ ಕೇಳಿ. ಚಾನೆಲ್‌ನಲ್ಲಿ ಮಳೆನೀರು ನಿಂತರೂ ಅಂಚಿನಿಂದ ಪದರ ಬಿಳಿಚಿ ಬಿಟ್ಟುಕೊಳ್ಳುತ್ತದೆ. ನೀರು ಹೋಗಲು ತೂತು ಬಿಡಿಸಿ.

ಗಾಜು ಬಂದ ದಿನ ಮೂಲೆಯಲ್ಲಿ ಐಎಸ್ 2553 (ಸುರಕ್ಷತಾ ಗಾಜಿನ ಭಾರತೀಯ ಮಾನದಂಡ) ಮುದ್ರೆ ಇದೆಯೇ ನೋಡಿ, ಅಂಚಿನಿಂದ ಎರಡು ಹಾಳೆ, ನಡುವಿನ ಪದರ ಕಾಣುತ್ತವೆಯೇ ಪರೀಕ್ಷಿಸಿ. ಅಂಚು ಚಿಪ್ಪೆದ್ದ ಹಾಳೆಯನ್ನು ಇಳಿಸಿಕೊಳ್ಳದೆ ವಾಪಸ್ ಕಳಿಸಿ.