ಮೇಜಿನ ಮೇಲೆ ಸರಿ, ಮಣಿಕಟ್ಟಿನ ಮೇಲೆ ತಪ್ಪು

ಪ್ರಶ್ನೆ: ನಾವು ನಾಲ್ವರು ಸೇರಿ ಹೃದಯ ಬಡಿತ ಅಳೆಯುವ ಮಣಿಕಟ್ಟಿನ ಪಟ್ಟಿ ತಯಾರಿಸುತ್ತಿದ್ದೇವೆ. ಕೈಯಲ್ಲೇ ಜೋಡಿಸಿದ 10 ಮಾದರಿಗಳು ಮೇಜಿನ ಮುಂದೆ ಕೂತು ನೋಡಿದಾಗ ಚೆನ್ನಾಗಿದ್ದವು. ಈಗ 100 ಪೀಸ್ ಮಾಡಿಸಿದ್ದೇವೆ. ಓಡುವಾಗ ಬಡಿತ 160ಕ್ಕೆ ಹಾರಿ ಅಲ್ಲೇ ನಿಲ್ಲುತ್ತದೆ. ಕೆಲವು ಪೀಸ್ ತಿಂಗಳೊಳಗೇ ಚಾರ್ಜ್ ಆಗುವುದನ್ನು ನಿಲ್ಲಿಸಿವೆ. ಸೆನ್ಸರ್ ಚಿಪ್ ಬದಲಿಸಬೇಕೇ?

ಉತ್ತರ: ಚಿಪ್ಪಿಗೆ ಈಗಲೇ ಕೈಹಾಕಬೇಡಿ. ತೊಂದರೆ ಹೆಚ್ಚಾಗಿ ಇರುವುದು ಚಿಪ್ಪಿಗೂ ಚರ್ಮಕ್ಕೂ ನಡುವಿನ ಒಂದೆರಡು ಮಿಲಿಮೀಟರಿನಲ್ಲಿ.

ಇಂಥ ಪಟ್ಟಿ ಚರ್ಮದೊಳಗೆ ಹಸಿರು ಬೆಳಕು ಬಿಟ್ಟು, ಮರಳುವ ಬೆಳಕಿನ ಏರಿಳಿತದಿಂದ ಬಡಿತ ಎಣಿಸುತ್ತದೆ. ಆ ಬೆಳಕಿನಲ್ಲಿ ನಾಡಿಯ ಏರಿಳಿತ ಮಣಿಕಟ್ಟಿನಲ್ಲಿ ಶೇ. 1ರ ಆಸುಪಾಸು, ಅಷ್ಟೇ. ಎಲ್‌ಇಡಿಗೂ ಮರಳಿದ ಬೆಳಕನ್ನು ಅಳೆಯುವ ಫೋಟೋಡಯೋಡಿಗೂ ಒಂದೇ ಪಾರದರ್ಶಕ ಕಿಟಕಿ ಇದ್ದರೆ ಬೆಳಕು ಚರ್ಮ ಮುಟ್ಟದೆ ಕಿಟಕಿಯೊಳಗೇ ಹರಿದು ಡಯೋಡ್ ಸೇರುತ್ತದೆ, ನಾಡಿಯ ಆ ಸಣ್ಣ ಅಲೆ ಅದರಲ್ಲಿ ಮುಳುಗಿಹೋಗುತ್ತದೆ. ಪಟ್ಟಿಯನ್ನು ಕತ್ತಲೆ ಪೆಟ್ಟಿಗೆಯಲ್ಲಿ, ಎದುರು ಏನೂ ಇಲ್ಲದಂತೆ ಇಟ್ಟು ಫೋಟೋಡಯೋಡಿನ ಅಂಕಿ ಓದಿ ನೋಡಿ. ಸೊನ್ನೆಯ ಹತ್ತಿರಕ್ಕೆ ಇಳಿಯದಿದ್ದರೆ ಸೋರಿಕೆ ಇದೆ ಎಂದೇ ಅರ್ಥ. ಕಿಟಕಿಯನ್ನು ಎರಡಾಗಿ ಮಾಡಿಸಿ, ನಡುವೆ ಬೋರ್ಡಿನಿಂದ ಚರ್ಮದವರೆಗೆ ಕಪ್ಪು ಗೋಡೆ ಕೊಡಿ. ಗೋಡೆಯ ಬುಡದಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಬೆಳಕು ನುಸುಳುತ್ತದೆ, ಆದ್ದರಿಂದ ಅಲ್ಲಿ ಕಪ್ಪು ಫೋಮ್ ಕೂರಿಸಿ.

ಇನ್ನು 160. ಓಡುವವರ ಹೆಜ್ಜೆ ನಿಮಿಷಕ್ಕೆ ಸುಮಾರು ಅಷ್ಟೇ ಇರುತ್ತದೆ. ಎದೆಪಟ್ಟಿಯ ಇಸಿಜಿ ಅಳತೆಯನ್ನೂ ನಿಮ್ಮದೇ ಆಕ್ಸಿಲರೋಮೀಟರಿನ (ಅಲುಗಾಟ ಅಳೆಯುವ ಸೆನ್ಸರ್) ಹೆಜ್ಜೆ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಿ. ನಿಮ್ಮ ಅಂಕಿ ಎದೆಪಟ್ಟಿಯನ್ನು ಬಿಟ್ಟು ಹೆಜ್ಜೆಯ ಜೊತೆ ಸಾಗಿದರೆ, ಪಟ್ಟಿ ಎಣಿಸುತ್ತಿರುವುದು ಹೆಜ್ಜೆಯನ್ನೇ. ಸಾಫ್ಟ್‌ವೇರ್ ಆಮೇಲೆ. ಮೊದಲು ಸೆನ್ಸರ್ ಭಾಗವನ್ನು ತುಸು ಉಬ್ಬಿಸಿ, ಹಿಗ್ಗುವ ಪಟ್ಟಿ ಹಾಕಿ ಅಲುಗಾಟ ತಗ್ಗಿಸಿ.

ಚಾರ್ಜ್ ಆಗದ ಪೀಸಿನ ಪಿನ್ನುಗಳನ್ನು ಭೂತಗನ್ನಡಿಯಲ್ಲಿ ನೋಡಿ. ಹಸಿರು ಪುಡಿ ಕೂತಿದೆಯೇ? ಚಾರ್ಜರ್ ತೆಗೆದ ಮೇಲೂ ಪಿನ್ನುಗಳಲ್ಲಿ ಬ್ಯಾಟರಿಯ ವೋಲ್ಟೇಜ್ ಉಳಿದಿದ್ದರೆ, ಬೆವರಿನ ಉಪ್ಪುನೀರಿನಲ್ಲಿ ವಿದ್ಯುತ್ ಹರಿದು ಲೋಹ ಕರಗುತ್ತದೆ. ಚಿನ್ನದ ಲೇಪ ತೆಳುವಾಗಿದ್ದರೆ ಇನ್ನೂ ಬೇಗ. ಚಾರ್ಜರ್ ಇಲ್ಲದಾಗ ಮಲ್ಟಿಮೀಟರ್ ಅಲ್ಲಿ ಸೊನ್ನೆ ತೋರಿಸಲೇಬೇಕು. ತೋರಿಸದಿದ್ದರೆ ವಿದ್ಯುತ್ ಹಿಂದಕ್ಕೆ ಹರಿಯದಂತೆ ತಡೆಯುವ ಡಯೋಡ್ ಅಥವಾ ಲೋಡ್ ಸ್ವಿಚ್ ಸೇರಿಸಿ, ಕೃತಕ ಬೆವರಿನಲ್ಲಿ ನೆನೆಸಿ ಮತ್ತೆ ಪರೀಕ್ಷಿಸಿ.

ಧೂಳು, ನೀರು ಒಳಹೋಗದು ಎನ್ನುವ ಐಪಿ67 ಪ್ರಮಾಣಪತ್ರವನ್ನು ನಂಬಿ ಕೂರಬೇಡಿ. ಅದು 1 ಮೀಟರ್ ಸಿಹಿನೀರಿನಲ್ಲಿ 30 ನಿಮಿಷದ ಪರೀಕ್ಷೆ, ಬೆವರಿನದ್ದಲ್ಲ. ಐಎಸ್‌ಒ 10993 ಚರ್ಮ ಸುರಕ್ಷತಾ ಪರೀಕ್ಷೆಗೂ ಬರಿಯ ಸಿಲಿಕೋನ್ ಕಳಿಸಿದರೆ ಸಾಲದು. ಬಣ್ಣ, ಅಂಟು ಎಲ್ಲ ಸೇರಿದ ಸಿದ್ಧ ಪಟ್ಟಿಯನ್ನೇ ಕಳಿಸಿ. ಹೊರಕವಚದ ಉಕ್ಕಿನ ಅಚ್ಚಿಗೆ ಆರ್ಡರ್ ಕೊಡುವುದು ಇವೆಲ್ಲ ಮುಗಿದ ಮೇಲೆ. ಕಪ್ಪು ಗೋಡೆಯ ಎತ್ತರ ಅಚ್ಚಿನಲ್ಲೇ ನಿಂತುಬಿಡುತ್ತದೆ.