ಫೈಲ್ ಹೆಸರಿನ ಕೊನೆಗೆ ಬರುವ .ಜೆಪಿಜಿ, .ಪಿಡಿಎಫ್ ಎಲ್ಲವನ್ನೂ ಒಂದೇ ಸಲಕ್ಕೆ ತೆಗೆದುಹಾಕೋದು ಹೇಗೆ?

ತೆಗೆಯೋ ಕಮಾಂಡ್ ನನಗೆ ಗೊತ್ತು. ಹೇಳಲ್ಲ. "ಬರೀ ಹೆಸರಿದ್ದರೆ ಫೋಲ್ಡರ್ ನೀಟಾಗಿ ಕಾಣುತ್ತೆ" ಅಂತ ಪ್ರಶ್ನೆಯ ಜೊತೆ ಬರೆದಿದ್ದೀರಲ್ಲ, ಇದೇ ಮಾತು ಅಂದುಕೊಂಡೇ ನಾನೂ ಒಂದು ಸಲ ಆ ಕಮಾಂಡ್ ಹೊಡೆದಿದ್ದೆ.

2008ನೇ ಇಸವಿ. ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸಕ್ಕಿದ್ದೆ, ಅಂದರೆ ಅಚ್ಚಿಗೆ ಹೋಗೋದನ್ನು ಕಂಪ್ಯೂಟರಿನಲ್ಲಿ ಜೋಡಿಸೋದು. ಲಗ್ನದ ಸೀಜನ್, ಕೈ ತುಂಬಾ ಕಾರ್ಡಿನ ಕೆಲಸ. ವಿಂಡೋಸ್ ಎಕ್ಸ್‌ಪಿ ಮೇಲೆ ಡಿಸೈನಿಗೆ ಕೋರೆಲ್‌ಡ್ರಾ 12, ಕನ್ನಡ ಟೈಪಿಂಗಿಗೆ ನುಡಿ. "ಲಗ್ನ" ಅನ್ನೋ ಒಂದೇ ಫೋಲ್ಡರಿನಲ್ಲಿ ನೂರೈವತ್ತರ ಹತ್ತಿರ ಫೈಲು ಬಿದ್ದಿದ್ದವು. ನಮ್ಮ ಸಾವ್ಕಾರ್ರು ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದವರು. ಒಂದಿನ ಸ್ಕ್ರೀನ್ ನೋಡಿ "ಇದೇನೋ ತಮ್ಮಾ, ಎಲ್ಲಾದಕ್ಕೂ ಒಂದೊಂದು ಬಾಲ ಹಚ್ಚೀದಿ?" ಅಂದರು. ಅಷ್ಟು ಸಾಕಾಯಿತು ನನಗೆ. ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತ ಡಾಸ್, ಅಂದರೆ ಕಮಾಂಡ್ ಬರೆದು ಕಂಪ್ಯೂಟರ್ ನಡೆಸೋ ವಿದ್ಯೆ, ತೋರಿಸೋ ಹುಮ್ಮಸ್ಸು ಬೇರೆ. ಊಟದ ಹೊತ್ತಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಒಂದು ಸಾಲು ಹೊಡೆದೆ. ಮುಗಿಯಿತು. ಫೋಲ್ಡರ್ ತುಂಬಾ ಬಿಳಿ ಹಾಳೆಯಂಥ ಐಕಾನ್, ಒಂದಕ್ಕೂ ಬಾಲವಿಲ್ಲ.

ಒಂದಕ್ಕೂ ಅಂದರೆ ಪೂರ್ತಿ ನಿಜ ಅಲ್ಲ. ಕೆಲವು ಕಾರ್ಡಿಗೆ ಕೋರೆಲ್‌ನ ಸಿಡಿಆರ್ ಫೈಲೂ ಇತ್ತು, ಗಿರಾಕಿಗೆ ತೋರಿಸೋಕೆ ತೆಗೆದ ಜೆಪಿಜಿ ಪ್ರೂಫೂ ಇತ್ತು, ಎರಡಕ್ಕೂ ಒಂದೇ ಹೆಸರು. ಸಿ ಮೊದಲು ಬರುತ್ತಲ್ಲ, ಸಿಡಿಆರ್ ಬಾಲ ಕಳಕೊಂಡಿತು. ಜೆಪಿಜಿ ಸರದಿ ಬರೋ ಹೊತ್ತಿಗೆ ಆ ಹೆಸರು ಆಗಲೇ ಖರ್ಚಾಗಿತ್ತು, ಹಾಗಾಗಿ ಅದು ಬಾಲದ ಸಮೇತ ಉಳಿಯಿತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಸಂಜೆ ನಾಲ್ಕಕ್ಕೆ ಲಕ್ಷ್ಮೇಶ್ವರದ ಪಾರ್ಟಿ ಬಂತು. ಎರಡನೇ ಕರೆಕ್ಷನ್, ಮುಹೂರ್ತದ ಟೈಮ್ ಒಂದೇ ಬದಲಾಗಬೇಕಿತ್ತು. ಎರಡು ನಿಮಿಷದ ಕೆಲಸ. ಡಬಲ್ ಕ್ಲಿಕ್ ಮಾಡಿದರೆ "ಯಾವ ಪ್ರೋಗ್ರಾಮಿನಲ್ಲಿ ತೆರೆಯಲಿ" ಅಂತ ಕೇಳುತ್ತೆ. ಕೋರೆಲ್ ಒಳಗೆ ಹೋಗಿ ಓಪನ್ ಒತ್ತಿದರೆ ಫೋಲ್ಡರ್ ಖಾಲಿ. ಖಾಲಿಯಾಗಿರಲಿಲ್ಲ ಅನ್ನಿ, ಕೋರೆಲ್ ತನಗೆ ಗೊತ್ತಿರೋ ಬಾಲದ ಫೈಲುಗಳನ್ನಷ್ಟೇ ತೋರಿಸುತ್ತೆ. ಅಲ್ಲೇ ಕೆಳಗೆ "ಆಲ್ ಫೈಲ್ಸ್" ಅಂತ ಇರುತ್ತೆ, ಆ ಗಾಬರಿಯಲ್ಲಿ ಅದು ಯಾರ ಕಣ್ಣಿಗೆ ಬೀಳಬೇಕು. ಹುಬ್ಬಳ್ಳಿಯಲ್ಲಿ ಹಾರ್ಡ್‌ವೇರ್ ಕೆಲಸ ಮಾಡುತ್ತಿದ್ದ ಗೆಳೆಯನಿಗೆ ಫೋನ್ ಹಚ್ಚಿದೆ. "ನೋಟ್‌ಪ್ಯಾಡ್ನ್ಯಾಗ ತಗದು ಮೊದಲಿನ ಅಕ್ಷರ ನೋಡಪಾ. ಆರ್‌ಐಎಫ್‌ಎಫ್ ಅಂತ ಇದ್ರ ಅದು ಕೋರೆಲ್" ಅಂದ. ತೆಗೆದೆ. ಕಸದಂಥ ಚಿಹ್ನೆಗಳ ನಡುವೆ, ಎಲ್ಲಕ್ಕಿಂತ ಮುಂದೆ, ಆರ್‌ಐಎಫ್‌ಎಫ್. ಜೀವ ಬಂತು.

ಆಗ ಕಂಟ್ರೋಲ್ ಎಸ್ ಒತ್ತಿದೆ.

ಯಾಕೆ ಒತ್ತಿದೆ? ಕಾರಣವೇ ಇಲ್ಲ, ಬರೀ ಚಟ. ಆಗ ಕರೆಂಟು ಯಾವಾಗ ಹೋಗುತ್ತೋ ಗೊತ್ತಾಗುತ್ತಿರಲಿಲ್ಲ, ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು, ಹಾಗಾಗಿ ಎರಡು ಸಾಲಿಗೊಮ್ಮೆ ಬೆರಳು ತಾನೇ ಹೋಗಿ ಸೇವ್ ಮಾಡುತ್ತಿತ್ತು. ಡಿಟಿಪಿಯವರಿಗೆಲ್ಲಾ ಈ ಚಟ ಇರುತ್ತೆ. ಆದರೆ ನೋಟ್‌ಪ್ಯಾಡಿಗೆ ಬರೀ ಅಕ್ಷರ ಗೊತ್ತು. ಕೋರೆಲ್ ಫೈಲಿನೊಳಗೆ ಸಾವಿರಾರು ಸೊನ್ನೆ ಬೈಟ್, ಅಂದರೆ ಬೆಲೆ ಸೊನ್ನೆ ಇರೋ ಚಿಕ್ಕ ತುಣುಕು, ಇರುತ್ತವೆ. ನೋಟ್‌ಪ್ಯಾಡ್ ಅವನ್ನೆಲ್ಲ ಸ್ಪೇಸ್ ಅಂತ ತಿಳಿದು, ಸೇವ್ ಮಾಡಿದಾಗ ನಿಜವಾಗಲೂ ಸ್ಪೇಸ್ ಆಗಿಯೇ ಬರೆದುಬಿಡುತ್ತೆ. ಒಂದು ಬೈಟ್ ಹೋಗಿ ಒಂದು ಬೈಟ್ ಬಂತು, ಹಾಗಾಗಿ ಸೈಜ್ ನೋಡಿದರೆ ಅಷ್ಟೇ ಇದೆ. ಹೆಸರಿಗೆ ಸಿಡಿಆರ್ ಅಂಟಿಸಿದೆ, ಕೋರೆಲ್‌ನ ಐಕಾನೂ ಬಂತು. ತೆಗೆಯೋಕೆ ಹೋದರೆ ಫೈಲ್ ಕೆಟ್ಟಿದೆ ಅನ್ನುತ್ತೆ. ಸೈಜ್ ಸರಿ, ಐಕಾನ್ ಸರಿ, ತೆರೆಯಲ್ಲ ಅಂದರೆ ಏನರ್ಥ? ಕೋರೆಲ್ಲೇ ಕೆಟ್ಟಿದೆ ಅಂತ ಅದನ್ನು ತೆಗೆದು ಮತ್ತೆ ಇನ್‌ಸ್ಟಾಲ್ ಬೇರೆ ಮಾಡಿದೆ! ಇಲ್ಲಿ ಗಮನಿಸಿ, ಬಾಲ ಕತ್ತರಿಸಿದ್ದರಿಂದ ಫೈಲಿಗೆ ಏನೂ ಆಗಿರಲಿಲ್ಲ. ಒಳಗಿನ ಮಾಲು ಹಾಗೇ ಇತ್ತು. ಕೊಂದದ್ದು ನಾನು ಒತ್ತಿದ ಆ ಸೇವ್.

ರಾತ್ರಿ ಕೂತು, ಉಳಿದಿದ್ದ ಜೆಪಿಜಿ ಪ್ರೂಫ್ ನೋಡಿಕೊಂಡು ಇಡೀ ಕಾರ್ಡ್ ಮತ್ತೆ ಹೊಡೆದೆ. ಬೆಳಿಗ್ಗೆ ಪ್ರಿಂಟಿಗೆ ಹೋಯಿತು, 500 ಕಾರ್ಡು. ಆದರೆ ಆ ಜೆಪಿಜಿ ಮೊದಲನೇ ಪ್ರೂಫು. ಅದಾದ ಮೇಲಿನ ಕರೆಕ್ಷನ್‌ನಲ್ಲಿ ವರನ ಸೋದರಮಾವನ ಹೆಸರು ಸೇರಿಸಿದ್ದೆ. ಅದು ಸತ್ತುಹೋದ ಸಿಡಿಆರ್‌ನಲ್ಲಿತ್ತು, ಇದರಲ್ಲಿರಲಿಲ್ಲ. ಮೂರು ಮಂದಿ ಕಾರ್ಡಿನ ಕಟ್ಟು ಹಿಡಕೊಂಡು ಬಂದರು. "ಮಾವನ್ನ ಬಿಟ್ಟು ಅಕ್ಕಿಕಾಳು ಹಾಕ್ಲೇನ್ರಿ ನಾವು?" ಅಂತ ಕೇಳಿದರು. ಉತ್ತರ ಇರಲಿಲ್ಲ. ಮತ್ತೆ 500 ಕಾರ್ಡು, ಖರ್ಚು ನನ್ನ ಪಗಾರದಲ್ಲಿ ಎರಡು ತಿಂಗಳು ಮುರಿದರು. ಸಾವ್ಕಾರ್ರು ಬೈಯಲಿಲ್ಲ. "ಖಾನ್ಯಾಗಿನ ಮೊಳಿ ಎಲ್ಲಾ ಒಂದ ಪುಟ್ಟ್ಯಾಗ ಸುರುವಿದಿ ನೋಡು" ಅಂದರು ಅಷ್ಟೇ. ಬಾಲದ ಮಾತು ತೆಗೆದದ್ದು ಅವರೇ ಅನ್ನೋದು ಅವರಿಗೆ ನೆನಪಿರಲಿಲ್ಲ, ನಾನೂ ನೆನಪು ಮಾಡಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಿರುವುಮುರುವಾಗಿದೆ ಅಂತೀನಿ. ಬಾಲ ತೆಗೆಯಬೇಡಿ, ಎಲ್ಲಾ ಕಾಣೋ ಹಾಗೆ ಇಟ್ಟುಕೊಳ್ಳಿ. ವಿಂಡೋಸ್ 10ರಲ್ಲಿ ಫೋಲ್ಡರಿನ ಮೇಲ್ಗಡೆ ವ್ಯೂ ಒತ್ತಿ "ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್"ಗೆ ಟಿಕ್ ಹಾಕಿ. 11ರಲ್ಲಿ ವ್ಯೂ, ಆಮೇಲೆ ಶೋ, ಅಲ್ಲೇ ಇದೆ. ನೋಡೋಕೆ ಆಗಲ್ಲ ಅಂತ ಹಟ ಇದ್ದರೆ ಆ ಟಿಕ್ ತೆಗೆಯಿರಿ, ಗೊತ್ತಿರೋ ಬಾಲಗಳು ಕಣ್ಣಿಗೆ ಮಾತ್ರ ಮರೆಯಾಗುತ್ತವೆ, ಹೆಸರಿನಿಂದ ಹೋಗಲ್ಲ. ಅದೂ ನನಗೆ ಇಷ್ಟವಿಲ್ಲ. 2000ದ ಮೇ ತಿಂಗಳಲ್ಲಿ ಪ್ರಪಂಚವನ್ನೇ ಕಾಡಿದ 'ಐ ಲವ್ ಯೂ' ವೈರಸ್ಸು ಬಂದದ್ದು ಇದೇ ಸಂದಿಯಲ್ಲಿ. ಫೈಲ್ ಹೆಸರಿನಲ್ಲಿ ಟಿಎಕ್ಸ್‌ಟಿ, ಅದರ ಹಿಂದೆ ವಿಬಿಎಸ್, ಅಂದರೆ ಒತ್ತಿದ ಕೂಡಲೇ ಓಡೋ ಪ್ರೋಗ್ರಾಮು. ಹಿಂದಿನದನ್ನು ವಿಂಡೋಸ್ ಮುಚ್ಚಿಟ್ಟಿತು, ಜನ ಪ್ರೇಮಪತ್ರ ಅಂತ ಒತ್ತಿದರು. ಈಗಲೂ ಬಿಲ್ಲಿನ ಹೆಸರಿನಲ್ಲಿ "ಪಿಡಿಎಫ್ ಡಾಟ್ ಇಎಕ್ಸ್‌ಇ" ಕಳಿಸೋರು ಇದ್ದಾರೆ, ಅದೂ ಓಡೋ ಪ್ರೋಗ್ರಾಮೇ.

ಇನ್ನೊಂದು, ಬಾಲ ಬದಲಿಸಿದರೆ ಫೈಲ್ ಬದಲಾಗಲ್ಲ. ಪಿಎನ್‌ಜಿ ಫೋಟೋಗೆ ಜೆಪಿಜಿ ಅಂತ ಬರೆದರೆ ಅದು ಜೆಪಿಜಿ ಆಗಲ್ಲ. ಪೇಂಟ್‌ನಲ್ಲಿ ತೆರೆದು, ಸೇವ್ ಆ್ಯಸ್ ಒತ್ತಿ ಜೆಪಿಜಿ ಅಂತ ಆರಿಸಿ.

ಅಕಸ್ಮಾತ್ ಈ ಉತ್ತರ ಬರೋ ಮೊದಲೇ ಬೇರೆ ಯಾರದೋ ಮಾತು ಕೇಳಿ ಬಾಲ ತೆಗೆದಿದ್ದರೆ, ಮೊದಲು ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ ಪೆನ್‌ಡ್ರೈವ್ ಕಿತ್ತು ಜೇಬಿನಲ್ಲಿಡಿ. ಆಮೇಲೆ ಒಂದೊಂದೇ ಫೈಲು ನೋಟ್‌ಪ್ಯಾಡಿನಲ್ಲಿ ನೋಡಿ. ಶುರುವಿನಲ್ಲಿ ಶೇಕಡಾ ಚಿಹ್ನೆ ಮತ್ತು ಪಿಡಿಎಫ್ ಅಂತ ಇದ್ದರೆ ಪಿಡಿಎಫ್. ಜೆಎಫ್‌ಐಎಫ್ ಅಥವಾ ಎಕ್ಸಿಫ್ ಅಂತ ಕಂಡರೆ ಜೆಪಿಜಿ. ಪಿಕೆ ಅಂತಿದ್ದರೆ ಅದು ಜಿಪ್ ಇರಬಹುದು, ವರ್ಡ್ ಇರಬಹುದು, ಎಕ್ಸೆಲ್ಲೂ ಇರಬಹುದು, ಯಾಕಂದರೆ ಈಗಿನ ವರ್ಡ್, ಎಕ್ಸೆಲ್ ಫೈಲುಗಳು ಒಳಗಡೆ ಜಿಪ್ಪೇ. ಸ್ವಲ್ಪ ಕೆಳಗೆ ಹುಡುಕಿದರೆ ವರ್ಡ್ ಅಂತಲೋ ಎಕ್ಸ್‌ಎಲ್ ಅಂತಲೋ ಸಿಗುತ್ತೆ. ಯಾವುದು ಅಂತ ಗೊತ್ತಾದರೆ ನೋಟ್‌ಪ್ಯಾಡ್ ಮುಚ್ಚಿ, ಆ ಬಾಲವನ್ನು ಹೆಸರಿಗೆ ಮತ್ತೆ ಅಂಟಿಸಿ. ಮುಚ್ಚುವಾಗ ಸೇವ್ ಮಾಡ್ಲಾ ಅಂತ ಕೇಳಿದರೆ "ಡೋಂಟ್ ಸೇವ್". ಕೇಳದಿದ್ದರೂ ಎಡಗೈ ಕೀಬೋರ್ಡಿನಿಂದ ದೂರ ಇರಲಿ.